ಕೋಣೆಯ ಬಿಸಿ ಕಳೆದು

ಮಾರ್ಚ್ 3, ಮಂಗಳವಾರ

ಕಂಪ್ಯೂಟರ್ ಮತ್ತೆ ಆರಿಹೋಯಿತು. ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಬಿಸಿ ತೊಂಬತ್ತೇಳು ಡಿಗ್ರಿ ಎಂದು ಕಂಡಿತು, ಫ್ಯಾನು ಒಮ್ಮೆ ಚೀರಿತು, ಅಷ್ಟರಲ್ಲಿ ಎಲ್ಲ ಕಪ್ಪು. ಬೆಳಗಿನಿಂದ ಅದು ಕಲಿತದ್ದೆಲ್ಲ ಮಣ್ಣುಪಾಲು. ಸಿಟ್ಟಿಗೆ ಮೇಜಿಗೊಂದು ಗುದ್ದಿದೆ. ಕೈ ನೋಯುತ್ತಿದೆ, ಮೇಜಿಗೇನೂ ಆಗಿಲ್ಲ.

ಅದು ಕಲಿಯುತ್ತಿರುವುದು ನಮ್ಮ ಯಜಮಾನರ ದನಿಯನ್ನು. ಮುಂದಿನ ತಿಂಗಳು ಇವರ ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದುಬಿಡುತ್ತಾರಂತೆ. ಆಮೇಲೆ ಮಾತಿಲ್ಲ. ಡಾಕ್ಟರಮ್ಮ ಅದನ್ನು ಹೇಳುವಾಗ ಇವರು ತಲೆಯಾಡಿಸುತ್ತ, "ಮನೇಲಿ ಹೇಗೂ ನಂಗೆ ಮಾತಾಡೋಕೆ ಅವಕಾಶ ಸಿಗ್ತಿರ್ಲಿಲ್ಲ ಬಿಡಿ" ಅಂದರು. ಡಾಕ್ಟರಮ್ಮ ನಕ್ಕರು. ನನಗೆ ಅಲ್ಲೇ ಇವರನ್ನು ಚಿವುಟಬೇಕು ಅನ್ನಿಸಿತು.

ಇವರು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ವೇಳೆ ಕೂಗುವವರು. ಊರಿನ ಅರ್ಧ ಜನಕ್ಕೆ ಇವರ ಮುಖ ಗೊತ್ತಿಲ್ಲ, ದನಿ ಗೊತ್ತು. ಅಲ್ಲಿನ ಹಳೆಯ ಧ್ವನಿಮುದ್ರಣಗಳು ಬೇಕಾದಷ್ಟು ಸಿಗುತ್ತವೆ. ಆದರೆ ಅವನ್ನು ಕೊಟ್ಟು ಕಲಿಸಿದರೆ "ಬೆನ್ನು ತುರಿಸು" ಅನ್ನುವುದನ್ನೂ ಯಂತ್ರ ಪ್ರಯಾಣಿಕರ ಗಮನಕ್ಕೆ ತರುತ್ತದೆ. ನನಗೆ ಬೇಕಾದ್ದು ಮನೆಯ ದನಿ. ಗೊಣಗುವ, ರೇಗಿಸುವ, ಟವೆಲ್ ಎಲ್ಲಿಟ್ಟೆ ಎಂದು ಬಚ್ಚಲಿನಿಂದ ಕೂಗುವ ದನಿ. ಇವರು ಓದುತ್ತಾರೆ, ನಾನು ಮುದ್ರಿಸಿಕೊಂಡು ಯಂತ್ರಕ್ಕೆ ಉಣಿಸುತ್ತೇನೆ. ಯಂತ್ರಕ್ಕೆ ಅಜೀರ್ಣ.

ನಾನು ಮದುವೆ ವಿಡಿಯೋ ಎಡಿಟ್ ಮಾಡುವ ಕಂಪ್ಯೂಟರ್ ಇದು. ಮದುಮಕ್ಕಳ ಮುಖಕ್ಕೆ ಬಣ್ಣ ಹಚ್ಚುತ್ತಿದ್ದ ಯಂತ್ರಕ್ಕೆ ಏಕಾಏಕಿ ಇಷ್ಟು ದೊಡ್ಡ ಹೊರೆ ಹೊರಿಸಿದ್ದೇನೆ. ಪಾಪ ಅನ್ನಿಸುವುದಿಲ್ಲ. ದುಡಿಯಲಿ.

ಮಾರ್ಚ್ 5, ಗುರುವಾರ

ಮೈದುನ ಬಂದಿದ್ದ. ಅವನದು ಕಂಪ್ಯೂಟರ್ ರಿಪೇರಿ ಅಂಗಡಿ, ದನಿ ಕಲಿಯುವ ಪ್ರೋಗ್ರಾಂ ಹಾಕಿಕೊಟ್ಟವನೂ ಅವನೇ. ಕಂಕುಳಲ್ಲಿ ಒಂದು ಡಬ್ಬ. ಒಳಗೆ ಸಣ್ಣ ಪಂಪು, ಎರಡು ರಬ್ಬರ್ ನಳಿಗೆ, ನೀರು ತುಂಬುವ ಪಾರದರ್ಶಕ ಶೀಸೆ, ತಾಮ್ರದ ಬಿಲ್ಲೆ, ಹಲಗೆಯಷ್ಟು ಅಗಲದ ರೇಡಿಯೇಟರ್. ಹೊಸಬರಿಗೆಂದೇ ಮಾಡಿದ ಕಿಟ್ ಎಂದು ಡಬ್ಬದ ಮೇಲೆ ಬರೆದಿದೆ.

"ಅತ್ತಿಗೆ, ಕಾರಿನ ಇಂಜಿನ್ನಿಗೆ ನೀರಿಲ್ವಾ? ಇದೂ ಅದೇ ಥರ. ಪ್ರೊಸೆಸರ್ ಮೇಲಿನ ಬಿಸೀನ ನೀರು ಹೊತ್ಕೊಂಡು ಹೋಗಿ ರೇಡಿಯೇಟರಿಗೆ ಕೊಡುತ್ತೆ. ರೇಡಿಯೇಟರ್ ಹೊರಗೆ ಊದುತ್ತೆ. ಸದ್ದೂ ಕಮ್ಮಿ."

"ಇದನ್ನ ಎಷ್ಟು ಜನಕ್ಕೆ ಹಾಕಿದ್ದೀಯ ಇಲ್ಲೀವರೆಗೆ?"

"ನಿಮ್ಮದೇ ಬೋಣಿ."

ವಿದ್ಯುತ್ತಿನ ಪೆಟ್ಟಿಗೆಯೊಳಗೆ ನೀರು ಹರಿಸುವ ಈ ಮಹಾನುಭಾವನನ್ನು ನಂಬಬೇಕು. ಬೇರೆ ದಾರಿ ಇಲ್ಲ. ಸದ್ದು ಕಡಿಮೆ ಅನ್ನುವ ಮಾತಿಗೆ ನಾನು ಮರುಳಾದೆ. ಮುಂದಿನ ಕೋಣೆ ರಸ್ತೆಗೇ ಅಂಟಿಕೊಂಡಿದೆ, ಅಲ್ಲಿ ದಿನವಿಡೀ ಲಾರಿಗಳ ಗದ್ದಲ. ಮುದ್ರಿಸುವುದಕ್ಕೂ ಯಂತ್ರ ಓಡಿಸುವುದಕ್ಕೂ ಇರುವುದು ಈ ಮಲಗುವ ಕೋಣೆಯೊಂದೇ. ಈಗಿನ ಫ್ಯಾನು ಕಿರುಚಿದರೆ ಇವರ ಓದು ನಿಲ್ಲಬೇಕು, ಇವರು ಓದಿದರೆ ಯಂತ್ರ ನಿಲ್ಲಬೇಕು.

ಮಾರ್ಚ್ 8, ಭಾನುವಾರ

ಇಡೀ ದಿನ ಇದರಲ್ಲೇ ಹೋಯಿತು. ಮೊದಲು ಬರೀ ಪಂಪನ್ನು ಓಡಿಸಿ, ನಳಿಗೆಯ ಕೀಲುಗಳ ಸುತ್ತ ಟಿಶ್ಯೂ ಕಾಗದ ಸುತ್ತಿ, ಎಲ್ಲಿ ಒದ್ದೆಯಾಗುತ್ತದೆ ಎಂದು ನಾನೂ ಮೈದುನನೂ ಮಂಡಿಯೂರಿ ನೋಡುತ್ತ ಕೂತೆವು. ಇವರು ಹಾಸಿಗೆಯಿಂದ, "ಹೆರಿಗೆ ವಾರ್ಡಿನ ಹೊರಗೆ ಕೂತ ಹಾಗಿದೆ" ಅಂದರು. ಎಲ್ಲೂ ಒದ್ದೆಯಾಗಲಿಲ್ಲ. ಸಂಭ್ರಮದಿಂದ ಯಂತ್ರ ಚಾಲೂ ಮಾಡಿದೆವು.

ನಿಮಿಷದೊಳಗೆ ತೊಂಬತ್ತೊಂಬತ್ತು. ಫಟ್.

ಇದು ಮೊದಲಿಗಿಂತ ಅಧ್ವಾನ. ಮೈದುನ ತಲೆ ಕೆರೆದುಕೊಂಡು ಹೊರಟುಹೋದ. ಅವನ ಮೇಲೆ ಹರಿಹಾಯ್ದೆ, ಈಗ ಬೇಜಾರಾಗುತ್ತಿದೆ.

ಮಾರ್ಚ್ 9, ಸೋಮವಾರ

ತಾಮ್ರದ ಬಿಲ್ಲೆಯ ಮೇಲೆ, ಹೊಸ ಫೋನಿನ ಗಾಜಿನ ಮೇಲಿರುವಂಥದೇ ತೆಳು ಪ್ಲಾಸ್ಟಿಕ್ ಹಾಳೆ ಇತ್ತು. ಹಚ್ಚುವ ಮೊದಲು ತೆಗೆಯಿರಿ ಎಂದು ಅದರ ಮೇಲೇ ಬರೆದಿತ್ತು. ಅದನ್ನು ತೆಗೆಯದೆ ಪ್ರೊಸೆಸರಿನ ಮೇಲೆ ಒತ್ತಿ, ನಾಲ್ಕು ಸ್ಕ್ರೂ ಬಿಗಿದು, ಗೆದ್ದವರಂತೆ ಕೈ ಒರೆಸಿಕೊಂಡಿದ್ದೆವು. ನಾನು ಹಾಳೆ ಕಿತ್ತು ಇವರಿಗೆ ತೋರಿಸಿದೆ. ಇವರು ನಕ್ಕ ನಗೆಗೆ ಗಂಟಲು ಹಿಡಿದುಕೊಂಡು ಕೆಮ್ಮುವ ಹಾಗಾಯಿತು. "ನಿನ್ನ ಮೈದುನ ನನ್ನ ತಮ್ಮ ಅಂತ ಹೊರಗೆ ಹೇಳ್ಬೇಡ."

ಹಾಳೆ ತೆಗೆದ ಮೇಲೆ ಎಂಬತ್ತೆರಡರಲ್ಲಿ ನಿಂತಿದೆ. ಆರುತ್ತಿಲ್ಲ. ನೀರಿನೊಳಗೆ ಗುಳ್ಳೆ ಸಿಕ್ಕಿಕೊಂಡು ಗಳಗಳ ಅನ್ನುತ್ತಿದೆ.

ಮಾರ್ಚ್ 12, ಗುರುವಾರ

ಇಂದು ಎರಡನೇ ಸುತ್ತಿನ ಕೀಮೋ ಔಷಧಿ ಏರಿಸಿದರು. ಗಡ್ಡೆಯನ್ನು ಕುಗ್ಗಿಸಿಕೊಂಡು ಆಮೇಲೆ ಕೊಯ್ಯುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಇವರ ತೋಳಿಗೆ ಹನಿ ಇಳಿಯುವುದನ್ನು ನೋಡುತ್ತ ಕೂತಿದ್ದೆ. ಹೊರಡುವಾಗ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ಹೇಳಿದರು:

"ಈ ಔಷಧಿ ಮೈಯಲ್ಲಿರೋ ಕಾವಲುಗಾರರನ್ನೆಲ್ಲ ಮಲಗಿಸಿಬಿಡುತ್ತೆ. ಇನ್ನೊಂದು ವಾರ ಹತ್ತು ದಿನದ ಮೇಲೆ ತುಂಬ ಹುಷಾರಾಗಿರಬೇಕು. ಜ್ವರ ನೂರು ದಾಟಿದ್ರೆ ಮಾತ್ರೆ ಕೊಟ್ಟು ನೋಡೋಣ ಅಂತ ಕೂರಬೇಡಿ. ಯಾವ ಹೊತ್ತಾದ್ರೂ ಸರಿ, ಕರ್ಕೊಂಡು ಬನ್ನಿ."

ಹೊಸ ಥರ್ಮಾಮೀಟರ್ ತಂದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡುವುದು. ಇವರಿಗೆ ಈಗ 98.2. ಮುಖ ಬಿಳಿಚಿಕೊಂಡಿದೆ. ಮಲಗಿದಾಗ ಕೈ ಹಿಡಿದುಕೊಂಡಿದ್ದೆ, ನಿದ್ದೆ ಬಂದ ಮೇಲೂ ಬಿಡಲಿಲ್ಲ. ನನಗೆ ಭಯವಾಗುತ್ತದೆ. ಯಾರ ಹತ್ತಿರವೂ ಹೇಳಿಲ್ಲ.

ಮಾರ್ಚ್ 13, ಶುಕ್ರವಾರ

ಇವರಿಗೆ 98.4, 98.2, 98.6. ಎರಡು ಸಲ ವಾಂತಿ. ಅನ್ನದ ಗಂಜಿ ಸ್ವಲ್ಪ ಇಳಿಯಿತು.

ಯಂತ್ರ ಮುಟ್ಟಲಿಲ್ಲ.

ಮಾರ್ಚ್ 15, ಭಾನುವಾರ

ಅರವತ್ತಮೂರು!

ಮೈದುನ ಬಂದು ಪೆಟ್ಟಿಗೆಯನ್ನು ಎತ್ತಿ ಆ ಕಡೆ ಈ ಕಡೆ ವಾಲಿಸಿದ. ಸಿಕ್ಕಿಕೊಂಡಿದ್ದ ಗುಳ್ಳೆಯೆಲ್ಲ ಬುಳಬುಳನೆ ಶೀಸೆಗೆ ಬಂದು ಒಡೆಯಿತು. ರೇಡಿಯೇಟರನ್ನು ಪೆಟ್ಟಿಗೆಯ ಹೊರಗೆ, ಬದಿಗೆ ಕೂರಿಸಿದೆವು. ಅಷ್ಟೇ. ತೊಂಬತ್ತೇಳರಲ್ಲಿ ಉಸಿರು ಬಿಡುತ್ತಿದ್ದುದು ಅದೇ ಕೆಲಸವನ್ನು ಅರವತ್ತಮೂರರಲ್ಲಿ, ಸದ್ದಿಲ್ಲದೆ ಮಾಡುತ್ತಿದೆ. ಪಕ್ಕದಲ್ಲೇ ಇವರು ಓದಬಹುದು, ಮೈಕಿಗೆ ಗೊತ್ತೂ ಆಗುವುದಿಲ್ಲ. ನಾನು ಮೈದುನನ ಬೆನ್ನಿಗೊಂದು ಬಾರಿಸಿ ಜೋರಾಗಿ ನಕ್ಕುಬಿಟ್ಟೆ. ಇವರು ಹಾಸಿಗೆಯಿಂದ ನನ್ನನ್ನೇ ನೋಡುತ್ತಿದ್ದರು.

ಇವರಿಗೆ ಬೆಳಿಗ್ಗೆ 98.4, ಸಂಜೆ 98.6.

ಮಾರ್ಚ್ 17, ಮಂಗಳವಾರ

ಮಧ್ಯಾಹ್ನ ಎಪ್ಪತ್ತೊಂದಕ್ಕೆ ಏರಿತು. ಪಂಪು ಕೆಟ್ಟಿತೋ, ನೀರು ಸೋರಿತೋ ಎಂದು ಕೀಲುಗಳನ್ನೆಲ್ಲ ಬೆರಳಿನಿಂದ ಮುಟ್ಟಿ ನೋಡಿದೆ. ಎಲ್ಲ ಒಣಗಿಯೇ ಇತ್ತು. ಮೈದುನನಿಗೆ ಫೋನ್ ಮಾಡಿದರೆ ಅವನು ನಕ್ಕ.

"ಅತ್ತಿಗೆ, ಕಿಟಕಿ ಮುಚ್ಚಿದ್ದೀರಾ?"

"ಮುಚ್ಚದೆ? ಲಾರಿಗಳನ್ನೂ ಸೇರಿಸಿ ಮುದ್ರಿಸ್ಲಾ? ಮೇಲಿನ ಫ್ಯಾನೂ ಹಾಕಿಲ್ಲ, ಮೈಕಿಗೆ ಗಾಳಿ ಹೊಡೆಯುತ್ತೆ."

"ಹಾಗಾದ್ರೆ ಅದು ಊದಿದ ಬಿಸಿ ಎಲ್ಲಿಗೆ ಹೋಗ್ಬೇಕು? ಕೋಣೇಲೇ ತಿರುಗುತ್ತೆ. ಬರೀ ಪ್ರೊಸೆಸರ್ ನಂಬರ್ ನೋಡಿ ಹೆದರ್ಬೇಡಿ. ಕೋಣೆ ಎಷ್ಟು ಬಿಸಿಯಿದೆ ನೋಡಿ, ಅದನ್ನ ಕಳೀರಿ. ಉಳಿದದ್ದು ಅಷ್ಟೇ ಇದ್ರೆ ಎಲ್ಲ ಸರಿ ಇದೆ ಅಂತ."

ಗೋಡೆಗೆ ಒಂದು ಉಷ್ಣಮಾಪಕ ತೂಗುಹಾಕಿದೆ. ಕೋಣೆ ಮೂವತ್ತಾರು. ಬೆಳಗಿನ ಹೊತ್ತು ಇಪ್ಪತ್ತೆಂಟು ಇದ್ದಿರಬೇಕು. ಕಳೆದು ನೋಡಿದೆ: ಬೆಳಗಿನ ಅರವತ್ತಮೂರರಲ್ಲಿ ಇಪ್ಪತ್ತೆಂಟು ಹೋದರೂ ಮೂವತ್ತೈದು, ಈಗಿನ ಎಪ್ಪತ್ತೊಂದರಲ್ಲಿ ಮೂವತ್ತಾರು ಹೋದರೂ ಮೂವತ್ತೈದು. ಎಂಥ ನಿರಾಳ! ಶಾಲೆಯಲ್ಲಿ ಯಾರೂ ಇಷ್ಟು ಚೆನ್ನಾಗಿ ಕಳೆಯುವುದನ್ನು ಕಲಿಸಲಿಲ್ಲ.

ಇವರಿಗೆ ಬೆಳಿಗ್ಗೆ ನೋಡಲು ಮರೆತೆ. ಸಂಜೆ ಮಾಮೂಲು.

ಮಾರ್ಚ್ 19, ಗುರುವಾರ

ಓದಲು ವಾಕ್ಯಗಳನ್ನು ನಾನೇ ಬರೆಯುತ್ತಿದ್ದೇನೆ. ಪ್ರೋಗ್ರಾಮಿನ ಜೊತೆ ಬಂದ ವಾಕ್ಯಗಳು ಸರ್ಕಾರಿ ಪ್ರಕಟಣೆಯಂತಿವೆ. ಇವರು ಮುಂದೆ ಏನೇನು ಹೇಳಬೇಕಾಗಬಹುದೋ ಅದನ್ನೆಲ್ಲ ಯೋಚಿಸಿ ಬರೆದೆ: ಲೈಟ್ ಆರಿಸು. ನಿಂಗೇನು ಗೊತ್ತು. ಸುಮ್ಮನೆ ತಲೆ ತಿನ್ಬೇಡ. ಬೆಳಿಗ್ಗೆಯಿಂದ ಏನೂ ತಿಂದಿಲ್ವಲ್ಲೇ ನೀನು. ತಪ್ಪಾಯ್ತು ಮಾರಾಯ್ತಿ.

ಹಾಳೆ ನೋಡಿ ಇವರು ಹುಬ್ಬೇರಿಸಿದರು. "ಇದ್ರಲ್ಲಿ ನಾನು ಗೆದ್ದಿರೋ ಜಗಳ ಒಂದೂ ಇಲ್ವಲ್ಲ."

"ಇದ್ದಿದ್ರೆ ಬರೀತಿದ್ದೆ."

ಓದಿದರು. ದನಿ ಒಡೆದಿದೆ, ಆದರೂ ಇವರದೇ. "ತಪ್ಪಾಯ್ತು ಮಾರಾಯ್ತಿ" ಅನ್ನುವುದನ್ನು ಮೂರು ಸಲ ಬೇರೆ ಬೇರೆ ರೀತಿ ಹೇಳಿಸಿದೆ. ಮೂರನೆಯದರಲ್ಲಿ ನಿಜವಾಗಿ ಕ್ಷಮೆ ಕೇಳಿದಂತಿತ್ತು.

ಪ್ರೊಸೆಸರ್ ಬೆಳಿಗ್ಗೆ 62, ಮಧ್ಯಾಹ್ನ 70 (ಕೋಣೆ 36), ಸಂಜೆ 66. ರೇಡಿಯೇಟರನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದ ಮೇಲೆ 64. ನಾಳೆ ಇನ್ನೊಂದು ಗೇಣು ಎಳೆದು ನೋಡಬೇಕು.

ಮಾರ್ಚ್ 21, ಶನಿವಾರ

ಇನ್ನೊಂದು ಗೇಣು ಎಳೆದರೆ ಏನೂ ಪ್ರಯೋಜನವಿಲ್ಲ. ರೇಡಿಯೇಟರಿನ ಫ್ಯಾನನ್ನು ತಿರುಗಿಸಿ, ಗಾಳಿ ಹಾಸಿಗೆಯ ಕಡೆಗೆ ಬರುವಂತೆ ಹಾಕಿದ ಮೇಲೆ ಮಧ್ಯಾಹ್ನವೂ 65. ಪೆಟ್ಟಿಗೆಗೆ ತನ್ನದೇ ಬಿಸಿ ಮರಳಿ ಬರುತ್ತಿತ್ತಲ್ಲ, ಅದು ತಪ್ಪಿತು. ಮೈದುನನಿಗೂ ಇದು ಹೊಳೆದಿರಲಿಲ್ಲ. ಫೋನಿನಲ್ಲಿ, "ಅತ್ತಿಗೆ, ಅಂಗಡೀಗೆ ಕೆಲಸಕ್ಕೆ ಬಂದುಬಿಡಿ" ಅಂದ. ಹೆಮ್ಮೆಯಾಯಿತು.

ಕಲಿಕೆ ಅರ್ಧ ದಾಟಿದೆ. ಮಾದರಿಗೆಂದು ಒಂದು ವಾಕ್ಯ ಹೇಳಿಸಿದೆ. "ಲೈಟ್ ಆರಿಸು" ಅಂದಿತು. ಗುಡುಗಿನೊಳಗಿಂದ ಬಂದಂತಿತ್ತು, ಆದರೂ ಇವರು. ಬಾಗಿಲಿಗೆ ಒರಗಿ ಅತ್ತುಬಿಟ್ಟೆ. ಹಾಸಿಗೆಯಿಂದ ಇವರು, "ಯಾರದು ನನ್ನ ಮನೇಲಿ?" ಅಂದರು.

ಮಾರ್ಚ್ 22, ಭಾನುವಾರ

ಇವತ್ತು ಇವರದೊಂದು ಮುದ್ದಾದ ಕೆಲಸ. ಬೆಳಿಗ್ಗೆ ತಾವೇ ಎದ್ದು, ಕುರ್ಚಿ ಎಳೆದುಕೊಂಡು, ಶಾಲು ಹೊದ್ದು, ರೇಡಿಯೇಟರಿನ ಬಿಸಿಗಾಳಿಗೆ ಬೆನ್ನು ಕೊಟ್ಟು ಕೂತರು. ಬೆಕ್ಕು ಒಲೆಯ ಪಕ್ಕ ಕೂತ ಹಾಗೆ. "ಹಿತವಾಗಿದೆ" ಅಂದರು. ಇಷ್ಟು ದಿನ ಅದನ್ನು ತಮ್ಮ ಸವತಿ ಎಂದು ರೇಗಿಸುತ್ತಿದ್ದವರು ಈಗ ಅದರ ಪಕ್ಕವೇ ಬಿಡಾರ ಹೂಡಿದ್ದಾರೆ. ಅಲ್ಲೇ ಕೂತು ಎರಡು ಹಾಳೆ ಓದಿದರು. ಹಲ್ಲು ಕಟಕಟ ಅಂದದ್ದು ಕೆಲವು ಕಡೆ ಮೈಕಿಗೆ ಬಂದಿದೆ. ಆ ತುಣುಕುಗಳನ್ನು ಕತ್ತರಿಸಿದೆ.

63. 65. 64.

ಮಾರ್ಚ್ 23, ಸೋಮವಾರ

ಔಷಧಿ ಕೊಡುವಾಗ ಕೈ ತಾಗಿ ಬಿಸಿ ಅನ್ನಿಸಿತು. ಥರ್ಮಾಮೀಟರ್ ಹುಡುಕಿ ಇಟ್ಟೆ. 100.8. ಒಂದು ಕ್ಷಣ ಹೆದರಿದೆ. ಆಮೇಲೆ ನೋಡುತ್ತೇನೆ, ಬೆಳಗಿನಿಂದ ಆ ಬಿಸಿಗಾಳಿಗೆ ಒರಗಿ, ಮೇಲೆ ಶಾಲು ಬೇರೆ ಹೊದ್ದು ಕೂತಿದ್ದಾರೆ. ಕೋಣೆ ಮೂವತ್ತೇಳು. ಈ ಕೋಣೆಯಲ್ಲಿ ಇಟ್ಟಿದ್ದೆಲ್ಲ ಬಿಸಿಯೇ. ನೀರಿನ ಲೋಟವೂ ಬಿಸಿ.

"ಕೋಣೇದು ಕಳೆದ್ರೆ ಮಾಮೂಲೇ ಅಲ್ವಾ?" ಎಂದೆ.

"ಹೌದೌದು. ಕೋಣೇದು ಕಳಿ" ಅಂದರು, ನಗುತ್ತ.

ಬೇಕಿದ್ದರೆ ಸಂಜೆ ತಂಪಾದ ಮೇಲೆ ಇನ್ನೊಮ್ಮೆ ನೋಡೋಣ ಎಂದುಕೊಂಡೆ. ಸಂಜೆ ಕಲಿಕೆಯ ಹೊಸ ಸುತ್ತು ಶುರುವಾಯಿತು, ಅದರ ಮುಂದೆ ಕೂತೆ. ನೀರು ಒಂದು ಬೆರಳಿನಷ್ಟು ಇಳಿದಿತ್ತು, ತುಂಬಿಸಿದೆ. 62.

ಮಾರ್ಚ್ 24, ಮಂಗಳವಾರ

61! ಇದುವರೆಗೆ ಇಷ್ಟು ಕಡಿಮೆ ಬಂದೇ ಇಲ್ಲ.

ಇವರು ಏನೂ ತಿನ್ನಲಿಲ್ಲ. ಬಾಯಿ ರುಚಿಯಿಲ್ಲವಂತೆ. ಒಂದೇ ಹಾಳೆ ಓದಿದರು, ಅದೂ ನಡುಗುವ ದನಿಯಲ್ಲಿ. "ಇವತ್ತು ಸಾಕು ಕಣೆ, ಚಳಿ" ಅಂದರು. ಈ ಬೇಸಿಗೆಯಲ್ಲಿ ಚಳಿಯಂತೆ! ಇನ್ನೊಂದೇ ಹಾಳೆ ಬಾಕಿಯಿದೆ, ನಾಳೆ ಮುಗಿಸಿಬಿಡೋಣ ಎಂದೆ. ಆಗಲಿ ಅಂದರು.

ಮಾರ್ಚ್ 27, ಶುಕ್ರವಾರ

ಆಸ್ಪತ್ರೆಯ ಮೊಗಸಾಲೆ. ಪ್ಲಾಸ್ಟಿಕ್ ಕುರ್ಚಿ. ಇವರು ಗಾಜಿನ ಬಾಗಿಲಿನ ಆಚೆ ಇದ್ದಾರೆ.

ಬುಧವಾರ ಕೊನೆಯ ಹಾಳೆ ಕೈಗೆ ಕೊಟ್ಟು ಮೈಕ್ ಹಾಕಿದೆ. ಇವರು ಹಾಳೆ ನೋಡಿದರು. ಆಮೇಲೆ ಬೆನ್ನು ನೇರ ಮಾಡಿ, ನಿಲ್ದಾಣದ ದನಿಯಲ್ಲಿ, "ಪ್ರಯಾಣಿಕರು ದಯವಿಟ್ಟು ಗಮನಿಸಿ" ಎಂದು ಶುರುಮಾಡಿದರು. ಬಸ್ಸುಗಳ ಸಂಖ್ಯೆ, ಹೊರಡುವ ವೇಳೆ. ನನಗೆ ರೇಗಿತು. "ತಮಾಷೆ ಸಾಕು, ಯಂತ್ರ ಕಾಯ್ತಿದೆ" ಎಂದೆ. ಹೌದು, ಹಾಗೆಯೇ ಅಂದೆ. ಇವರು ನಿಲ್ಲಿಸಲಿಲ್ಲ. ಯಾವುದೋ ಬಸ್ಸು ತಡವಾಗಿ ಬರಲಿದೆ ಅನ್ನುತ್ತ ನನ್ನನ್ನು ನೋಡಿದರು. ಆ ಕಣ್ಣಿಗೆ ನಾನು ಯಾರೋ ಪ್ರಯಾಣಿಕಳು. ಕುರ್ಚಿಯಿಂದ ಪಕ್ಕಕ್ಕೆ ಜಾರಿದರು. ಹಿಡಿದುಕೊಂಡೆ. ಕೆಂಡ ಹಿಡಿದಂತಾಯಿತು.

ಮೈದುನ ಕಾರು ತಂದ. ಇಲ್ಲಿಗೆ ಬಂದಾಗ ಜ್ವರ 104. ರಕ್ತಕ್ಕೆ ನಂಜು ಏರಿದೆ. ಉಸಿರಾಟಕ್ಕೆ ಬಾಯಿಯಿಂದ ನಳಿಗೆ ಹಾಕಿದ್ದಾರೆ.

ಡಾಕ್ಟರಮ್ಮ ಹೊರಗೆ ಬಂದು, "ಯಾವಾಗಿಂದ ಇದೆ ಜ್ವರ?" ಎಂದು ಕೇಳಿದರು.

ನಾನು ಬಾಯಿ ತೆರೆದೆ. ಸೋಮವಾರ ಮಧ್ಯಾಹ್ನ ಪ್ರೊಸೆಸರ್ ಎಷ್ಟಿತ್ತು, ಮಂಗಳವಾರ ಎಷ್ಟಿತ್ತು, ಎಲ್ಲ ನಾಲಗೆಯ ತುದಿಯಲ್ಲಿತ್ತು. "ಕೋಣೆ ಬಿಸಿಯಿತ್ತು" ಎಂದೆ. ಅವರಿಗೆ ಅರ್ಥವಾಗಲಿಲ್ಲ. "ಯಾವಾಗಿಂದ ಅಂತ ಹೇಳಿ" ಎಂದು ಇನ್ನೊಮ್ಮೆ ಕೇಳಿದರು. ಗೊತ್ತಿಲ್ಲ ಎಂದೆ. ಅವರು ಫೈಲಿನಲ್ಲಿ ಬರೆದುಕೊಂಡು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 31, ಮಂಗಳವಾರ

ಹಾಗೆಯೇ ಇದ್ದಾರೆ.

ಮೈದುನ ಮನೆಗೆ ಹೋಗಿ ಬಟ್ಟೆ ತಂದ. ಯಂತ್ರ ಆರಿಸುವುದನ್ನು ಅವತ್ತು ಯಾರೂ ನೆನೆಸಿರಲಿಲ್ಲ. ಅದು ತನ್ನ ಪಾಡಿಗೆ ತಾನು ಕಲಿತು ಮುಗಿಸಿದೆಯಂತೆ. "ಅವತ್ತಿಂದ ಒಂದು ಸಲಾನೂ ಎಪ್ಪತ್ತು ದಾಟಿಲ್ಲ ಅತ್ತಿಗೆ" ಅಂದ. ನನ್ನ ಮುಖ ನೋಡಿ ಬಟ್ಟೆಯ ಚೀಲವನ್ನು ಕುರ್ಚಿಯ ಮೇಲಿಟ್ಟ.

ಏಪ್ರಿಲ್ 6, ಸೋಮವಾರ

ನಳಿಗೆ ತೆಗೆದರು. ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದರು. ಇವರ ಕೈಯನ್ನು ಎದೆಗೆ ಒತ್ತಿಕೊಂಡೆ, ದೇವರೇ ಎಂದೆ.

ಸಂಜೆ ಡಾಕ್ಟರಮ್ಮ ತಮ್ಮ ಕೋಣೆಗೆ ಕರೆದರು. ನಂಜು ಇಳಿದಿದೆ. ಆದರೆ ಹೃದಯ ಸೋತಿದೆ. ಇನ್ನು ಅರಿವಳಿಕೆ ಕೊಟ್ಟು ಮಲಗಿಸಿದರೆ ಏಳುವುದಿಲ್ಲ. ಆ ಕೀಮೋ ಔಷಧಿಯನ್ನೂ ಇನ್ನು ತಡೆದುಕೊಳ್ಳಲಾರರು.

"ಹಾಗಾದ್ರೆ ಆಪರೇಷನ್?"

"ಮಾಡೋಕಾಗಲ್ಲ ಅಮ್ಮ."

"ಗಡ್ಡೆ?"

ಅವರು ಮೇಜಿನ ಮೇಲಿದ್ದ ಪೆನ್ನನ್ನು ಸರಿಮಾಡಿ ಇಟ್ಟರು. ಬೇಸಿಗೆ ಕಳೆಯುವವರೆಗೆ ಇರಬಹುದು ಅಂದರು. ನೋವಾಗದಂತೆ ನೋಡಿಕೊಳ್ಳೋಣ ಅಂದರು.

ಮೆಟ್ಟಿಲಿಳಿಯುವಾಗ ನನಗೆ ತಡವಾಗಿ ಹೊಳೆಯಿತು. ಧ್ವನಿಪೆಟ್ಟಿಗೆ ತೆಗೆಯುವುದಿಲ್ಲ. ಇವರ ದನಿ ಇವರ ಹತ್ತಿರವೇ ಇರುತ್ತದೆ, ಇವರಿರುವಷ್ಟು ದಿನ. ಮೆಟ್ಟಿಲಿನ ಕಂಬಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಜನ ನನ್ನ ಪಕ್ಕದಿಂದಲೇ ಹತ್ತಿ ಇಳಿದರು.

ಏಪ್ರಿಲ್ 11, ಶನಿವಾರ

ಮನೆಗೆ ಕರೆದುಕೊಂಡು ಬಂದೆವು. ಇವರು ಮುಂದಿನ ಕೋಣೆಯೇ ಬೇಕು ಅಂದರು. ಲಾರಿ ಹೋದಾಗಲೆಲ್ಲ ಮಂಚ ಅದುರುತ್ತದೆ. ಜನ ಓಡಾಡುವುದು ಕಾಣುತ್ತದೆ, ಇರಲಿ ಅಂದರು. ಡಾಕ್ಟರಮ್ಮ ಹೇಳಿದ್ದನ್ನು ನಾನೇ ತಿಳಿಸಿದೆ. "ಸರಿ" ಅಂದರು, ಬಸ್ಸು ತಡ ಎಂದು ಕೇಳಿದವರ ಹಾಗೆ.

ಇಷ್ಟು ದಿನ ಮುಚ್ಚಿಟ್ಟುಕೊಂಡಿದ್ದನ್ನು ಮಧ್ಯಾಹ್ನ ಹೇಳಿಬಿಟ್ಟೆ. ಸೋಮವಾರವೇ 100.8 ಇತ್ತು, ಡಾಕ್ಟರಮ್ಮ ಅಷ್ಟು ಹೇಳಿದ್ದರೂ ಕೋಣೆಯದೆಂದು ಕಳೆದೆ, ನಿಮ್ಮನ್ನು ಯಂತ್ರದ ಹಾಗೆ ಲೆಕ್ಕ ಹಾಕಿದೆ, ನಾನೇ ನಿಮ್ಮನ್ನು ಕೊಂದೆ ಎಂದೆ.

ಇವರು ಹೊದಿಕೆ ಸರಿಸಿ ಬೀದಿಯ ಕಡೆ ತಿರುಗಿದರು.

"ನಂಗೆ ಗೊತ್ತಿತ್ತು" ಅಂದರು.

"ಏನು ಗೊತ್ತಿತ್ತು?"

"ಜ್ವರ. ಭಾನುವಾರ ನೀನು ಸ್ನಾನಕ್ಕೆ ಹೋದಾಗ ನಾನೇ ಇಟ್ಕೊಂಡು ನೋಡಿದ್ದೆ. ನೂರೊಂದು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಓದೋದು ಬಾಕಿ ಇತ್ತಲ್ಲ. ಆಸ್ಪತ್ರೆ ಸೇರಿದ್ರೆ ಮತ್ತೆಲ್ಲಿ ಓದು? ಅದೂ ಅಲ್ದೆ..." ಉಸಿರು ಎಳೆದುಕೊಂಡರು. "ಆ ಪೆಟ್ಟಿಗೆ ಹತ್ರ ನಿಂತಾಗ ನೀನು ಮೊದಲಿನ ಹಾಗೇ ಇರ್ತಿದ್ದೆ. ಬೈತಿದ್ದೆ, ನಗ್ತಿದ್ದೆ. ನನ್ನ ಹತ್ರ ಬಂದ್ರೆ ಆಸ್ಪತ್ರೆ ಮುಖ. ಎರಡು ದಿನದಲ್ಲಿ ಏನಾಗುತ್ತೆ ಅಂದ್ಕೊಂಡೆ."

ಅಳು ಬರಲಿಲ್ಲ, ಮೈಯೆಲ್ಲ ಉರಿಯುವಂಥ ಸಿಟ್ಟು ಬಂತು. ಬೀದಿಯವರಿಗೆ ಕೇಳುವಂತೆ ಕೂಗಿದೆ. "ಸಾಯೋ ಅಷ್ಟು ಅವಸರ ಏನಿತ್ತು? ಆ ದನಿ ನಿಮಗೆ ಅಷ್ಟು ಬೇಕಾಗಿತ್ತಾ?"

"ನಂಗ್ಯಾಕೆ?" ಅಂದರು ಇವರು, ಮೆಲ್ಲಗೆ. "ನಾನು ಬರೆದು ತೋರಿಸ್ತಿದ್ದೆ. ನಿಂಗೆ ಬೇಕಿತ್ತು."

ನಿಜ. ನಿಮಗೆ ಬೇಕಾ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ.

ಆಮೇಲೆ ಇವರು ಮಾತು ನಿಲ್ಲಿಸಲೇ ಇಲ್ಲ. ಎದುರು ಮನೆಯ ಗೇಟು ಯಾಕೆ ಕಿರುಗುಡುತ್ತದೆ, ಕಾರು ಓಡಿಸುವುದನ್ನು ತಮ್ಮನಿಗೆ ಯಾವ ಪುಣ್ಯಾತ್ಮ ಕಲಿಸಿದ, ಆಸ್ಪತ್ರೆಯ ಗಂಜಿಗೆ ಉಪ್ಪು ಯಾಕಿಲ್ಲ, ಹೀಗೆ ಏನೇನೋ. ಎರಡು ಮಾತಿಗೊಮ್ಮೆ ಕೆಮ್ಮು. ಮೈದುನ ಬಾಗಿಲಲ್ಲಿ ನಿಂತು, ಮೈಕ್ ತರಲೇ ಎಂದು ಸನ್ನೆಯಲ್ಲೇ ಕೇಳಿದ. ಬೇಡ ಎಂದು ತಲೆಯಾಡಿಸಿದೆ. ಇವರಿಗೆ ಸುಸ್ತಾಗಿ ನಿದ್ದೆ ಬರುವವರೆಗೆ ಮಂಚದ ಪಕ್ಕ ಕೂತು ಕೇಳಿದೆ.